ಚಾಲಕರ ಮದ್ಯ ಪರೀಕ್ಷೆ: ಕಾಯ್ದೆ ಮೌನವಾಗಿದ್ದರೂ ಹೊಣೆ ಮಾಲೀಕರದೇ

ಚಾಲಕನು ಮದ್ಯಪಾನ ಮಾಡಿ ವಾಹನ ನಡೆಸಿದರೆ ಅದು ಪೊಲೀಸರಿಗೂ ಚಾಲಕನಿಗೂ ಸಂಬಂಧಿಸಿದ ವಿಷಯ, ವಾಹನದ ಮಾಲೀಕನಿಗೆ ಹೆಚ್ಚೆಂದರೆ ಒಂದೆರಡು ದಿನದ ಬಾಡಿಗೆ ನಷ್ಟ ಎಂಬ ಭಾವನೆ ವರ್ತಕ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಮೋಟಾರು ವಾಹನ ಕಾಯ್ದೆಯ ದಂಡದ ಪಟ್ಟಿಯನ್ನಷ್ಟೇ ಓದಿದವರಿಗೆ ಹಾಗೆ ತೋರುವುದು ಸಹಜ. ಆದರೆ ಅದೇ ಕಾಯ್ದೆಯ ವಿಮಾ ಅಧ್ಯಾಯ, ನೌಕರರ ಪರಿಹಾರದ ಸೂತ್ರ ಮತ್ತು ಇತ್ತೀಚಿನ ತೀರ್ಪುಗಳನ್ನು ಒಟ್ಟಿಗಿಟ್ಟು ನೋಡಿದಾಗ ಚಿತ್ರ ಬೇರೆಯೇ ಆಗುತ್ತದೆ. ಚಾಲಕ ತೆರುವುದು ಸಾವಿರಗಳ ದಂಡ. ಲಕ್ಷಗಳ ಬಾಬ್ತು ಬಂದು ಬೀಳುವುದು ಮಾಲೀಕನ ಖಾತೆಗೆ.

ಮಂಡ್ಯ ಜಿಲ್ಲೆಯ ಮಟ್ಟಿಗೆ ಇದು ದೂರದ ಮಾತಲ್ಲ. ಮದ್ದೂರಿನ ಎ.ಪಿ.ಎಂ.ಸಿ. ಪ್ರಾಂಗಣದಿಂದ ಎಳನೀರು ತುಂಬಿದ ಲಾರಿಗಳು ಮುಂಬಯಿ, ದೆಹಲಿಗಳವರೆಗೆ ಓಡುತ್ತವೆ. ಗೆಜ್ಜಲಗೆರೆಯ ಹಾಲು ಒಕ್ಕೂಟದ ಡೇರಿಗೆ ಟ್ಯಾಂಕರುಗಳ ಸಂಚಾರ ನಿತ್ಯದ್ದು. ಸೋಮನಹಳ್ಳಿ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಪಾಳಿಯ ವಾಹನಗಳಿವೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕೆ.ಎಂ. ದೊಡ್ಡಿ ಮತ್ತು ಕೊಪ್ಪದ ಕಾರ್ಖಾನೆಗಳತ್ತ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಲುಗಟ್ಟುತ್ತವೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ ಮತ್ತು ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ಇವುಗಳಿಗೆ ಉಳಿದದ್ದು ಸರ್ವೀಸ್ ರಸ್ತೆ ಮತ್ತು ಹಳ್ಳಿಯ ರಸ್ತೆ. ಶಿಂಷಾ ನದಿಯ ದಂಡೆಯ ವೈದ್ಯನಾಥಪುರದಂಥ ಊರಿನ ರಸ್ತೆಯಲ್ಲಿ ವೈದ್ಯನಾಥೇಶ್ವರನ ದರ್ಶನಕ್ಕೆ ನಡೆದು ಬರುವ ಭಕ್ತರು, ಶಾಲೆಯ ಮಕ್ಕಳು, ಜಾನುವಾರು, ಸರಕಿನ ವಾಹನ ಎಲ್ಲವೂ ಒಂದೇ ಅಗಲದಲ್ಲಿ ಹೋಗಬೇಕು. ಪೊಲೀಸರ ತಪಾಸಣೆ ಹೆಚ್ಚಾಗಿ ನಡೆಯುವುದು ಹೆದ್ದಾರಿಯಲ್ಲಿ ಮತ್ತು ಪಟ್ಟಣದ ವೃತ್ತಗಳಲ್ಲಿ. ಹಳ್ಳಿಯ ರಸ್ತೆಗಿಳಿಯುವ ವಾಹನವನ್ನು ಪರೀಕ್ಷಿಸಬಲ್ಲವನು ಅದನ್ನು ಕಳುಹಿಸುವವನೊಬ್ಬನೇ.

ಕಾಯ್ದೆಯ ಸ್ಥಿತಿಯನ್ನು ಮೊದಲು ನೋಡಬಹುದು. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ ರೂ. 10,000 ದಂಡ ಅಥವಾ ಎರಡೂ. ಮರುಕಳಿಸಿದರೆ 2 ವರ್ಷದವರೆಗಿನ ಸೆರೆವಾಸ ಅಥವಾ ರೂ. 15,000 ದಂಡ ಅಥವಾ ಎರಡೂ. ಮಾದಕ ವಸ್ತುಗಳಿಗೆ ಇಂಥ ಅಂಕಿಯ ಮಿತಿಯಿಲ್ಲ. ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಆಗದಷ್ಟು ಅಮಲಿನಲ್ಲಿದ್ದನೇ ಎಂಬುದೇ ಅಲ್ಲಿನ ಪ್ರಶ್ನೆ.

30 ಮಿ.ಗ್ರಾಂ. ಎಂದರೆ ಎಷ್ಟು ಎಂಬುದನ್ನು ಬಹುಪಾಲು ಮಾಲೀಕರು ಲೆಕ್ಕ ಹಾಕಿ ನೋಡಿಲ್ಲ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಮದ್ಯಸಾರದ ಪ್ರಮಾಣ ಶೇ. 42.8, ತೂಕದಲ್ಲಿ ಸುಮಾರು 60 ಗ್ರಾಂ. 65 ಕಿಲೋ ತೂಕದ ಗಂಡಸೊಬ್ಬನು ಅದನ್ನು ಕುಡಿದು ಮುಗಿಸಿದರೆ ಅವನ ರಕ್ತದಲ್ಲಿ ಮದ್ಯಸಾರವು 100 ಮಿ.ಲೀ.ಗೆ ಸರಿಸುಮಾರು 135 ಮಿ.ಗ್ರಾಂ.ವರೆಗೆ ಏರಬಲ್ಲದು. ದೇಹವು ಅದನ್ನು ಕರಗಿಸುವ ವೇಗ ಗಂಟೆಗೆ ಸರಾಸರಿ 15 ಮಿ.ಗ್ರಾಂ. ಊಟ, ಮೈಕಟ್ಟು, ಅಭ್ಯಾಸಗಳಿಂದ ವ್ಯತ್ಯಾಸವಾಗುವುದುಂಟು. ಕಾಫಿಯಿಂದಾಗಲಿ ತಣ್ಣೀರಿನ ಸ್ನಾನದಿಂದಾಗಲಿ ಮಜ್ಜಿಗೆಯಿಂದಾಗಲಿ ಆಗುವುದಿಲ್ಲ. ಈ ಲೆಕ್ಕದಂತೆ ರಾತ್ರಿ 11ಕ್ಕೆ ಮುಗಿಸಿದ ಒಂದು ಕ್ವಾರ್ಟರ್ ಕಾನೂನಿನ ಮಿತಿಗೆ ಇಳಿಯುವುದು ಬೆಳಗಿನ 6 ಗಂಟೆಗೆ. ಎರಡು ಕ್ವಾರ್ಟರ್ ಆಗಿದ್ದರೆ ಮರುದಿನ ಮಧ್ಯಾಹ್ನ 3ರ ಸುಮಾರಿಗೆ. ಬೆಳಗಿನ 5ಕ್ಕೆ ಸ್ನಾನ ಮಾಡಿ, ವಿಭೂತಿ ಇಟ್ಟು, ನೆಟ್ಟಗೆ ನಿಂತು ಕೀ ಕೇಳುವ ಚಾಲಕನು ಕುಡಿದವನಂತೆ ಯಾರಿಗೂ ಕಾಣುವುದಿಲ್ಲ. ತಾನು ಅಮಲಿನಲ್ಲಿದ್ದೇನೆಂದು ಅವನಿಗೇ ಅನಿಸುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು ಶಾಲಾ ವಾಹನಗಳ ಚಾಲಕರನ್ನು ಬೆಳಗಿನ ಹೊತ್ತು ಪರೀಕ್ಷಿಸಿದಾಗಲೆಲ್ಲ ಕೆಲವರು ಸಿಕ್ಕಿಬೀಳುವುದರ ಹಿಂದೆ ಈ ರಾತ್ರಿಯ ಉಳಿಕೆಯೂ ಇದೆ. ಮುಖ ನೋಡಿ ಅಳೆಯುವ ನಮ್ಮ ಗುಮಾಸ್ತರ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು.

ಸಾರಿಗೆಯ ಇತರ ಅಂಗಗಳಲ್ಲಿ ಈ ಕೆಲಸವನ್ನು ಮುಖ ನೋಡುವವರಿಗೆ ಬಿಟ್ಟಿಲ್ಲ. ರೈಲ್ವೆಯ ಲೋಕೋ ಪೈಲಟ್ ಕೆಲಸಕ್ಕೆ ಸಹಿ ಹಾಕುವಾಗಲೇ ಯಂತ್ರಕ್ಕೆ ಊದಬೇಕು. ವಿಮಾನ ಚಾಲಕನು ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಹಾರಾಟದ ಮುನ್ನ ನಡೆಯುವ ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳು ಪರವಾನಗಿ ಅಮಾನತು. 2022ರ ಜನವರಿ 31ರಿಂದ ವಿಮಾನಯಾನ ಸಿಬ್ಬಂದಿಗೆ ಮಾದಕ ವಸ್ತುಗಳ ಪರೀಕ್ಷೆಯೂ ಬಂದಿದೆ. ಅಮೆರಿಕದಲ್ಲಿ 1987ರ ಜನವರಿಯಲ್ಲಿ ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ಗಾಂಜಾ ಸೇದಿದ್ದ ಸಿಬ್ಬಂದಿಯ ಎಂಜಿನ್‌ಗೆ ಪ್ರಯಾಣಿಕರ ರೈಲು ಡಿಕ್ಕಿ ಹೊಡೆದು 16 ಮಂದಿ ಸತ್ತರು. 1991ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲನ್ನು ಕುಡಿದ ಚಾಲಕ ಹಳಿ ತಪ್ಪಿಸಿ 5 ಮಂದಿ ಸತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಸಾರಿಗೆ ನೌಕರರ ಪರೀಕ್ಷೆಯ ಕಾಯ್ದೆಯನ್ನು ತಂದಿತು. ಅಲ್ಲಿ ಭಾರಿ ವಾಹನದ ಚಾಲಕನನ್ನು ನೇಮಕಕ್ಕೆ ಮುನ್ನ ಮಾದಕ ವಸ್ತುಗಳಿಗೆ ಪರೀಕ್ಷಿಸಬೇಕು. ಗಂಭೀರ ಅಪಘಾತದ ನಂತರ, ಸಂಶಯ ಬಂದಾಗ ಮತ್ತು ಚೀಟಿ ಎತ್ತಿದಂತೆ ಯಾವಾಗ ಬೇಕಾದರೂ ಎರಡಕ್ಕೂ ಪರೀಕ್ಷಿಸಬೇಕು. ಇದೆಲ್ಲವೂ ಮಾಲೀಕನ ಕರ್ತವ್ಯ. ಮಾಡದಿದ್ದರೆ ದಂಡವೂ ಅವನಿಗೇ.

ನಮ್ಮ ದೇಶದ ಖಾಸಗಿ ಲಾರಿ, ಟೆಂಪೋ, ಟ್ಯಾಂಕರ್ ಮಾಲೀಕರಿಗೆ ಇಂಥ ಕಡ್ಡಾಯವಿಲ್ಲ. ಪರೀಕ್ಷಿಸುವ ಅಧಿಕಾರವನ್ನು ಕಾಯ್ದೆಯು ಪೊಲೀಸರಿಗೆ ಕೊಟ್ಟು ಸುಮ್ಮನಾಗಿದೆ. ಈ ಮೌನವನ್ನು ವಿನಾಯಿತಿ ಎಂದು ತಿಳಿದಿರುವುದರಲ್ಲೇ ಅಪಾಯವಿದೆ.

ಮೊದಲಿಗೆ ವಿಮೆ. 2007ರ ಡಿಸೆಂಬರ್ 22ರ ಮುಂಜಾನೆ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಪೋರ್ಶೆ ಕಾರು ಹತೋಟಿ ತಪ್ಪಿ ಅಪಘಾತಕ್ಕೀಡಾಗಿ ಸುಟ್ಟುಹೋಯಿತು. ಕಾರು ಒಂದು ಕಂಪನಿಯ ಒಡೆತನದ್ದು. ಚಾಲಕನಿಗೆ ಉಸಿರು ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ನಡೆದಿರಲಿಲ್ಲ; ವೈದ್ಯರ ವರದಿಯಲ್ಲಿ ಮದ್ಯದ ವಾಸನೆಯ ಉಲ್ಲೇಖವಿತ್ತು. ಪರಿಹಾರದ ಬೇಡಿಕೆಯನ್ನು ವಿಮಾ ಕಂಪನಿ ತಿರಸ್ಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗವು ಕಾರಿನ ಕಂಪನಿಯ ಪರ ನಿಂತರೂ 2021ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಫ್ಕೋ ಟೋಕಿಯೋ ಮತ್ತು ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ವಿಮಾ ಕಂಪನಿಯ ನಿಲುವನ್ನು ಎತ್ತಿಹಿಡಿಯಿತು. ಪಾಲಿಸಿಯ ಷರತ್ತನ್ನು ಅನ್ವಯಿಸಲು 185ನೆಯ ಕಲಮಿನಡಿ ಶಿಕ್ಷೆಯಾಗಿರಲೇಬೇಕೆಂದಿಲ್ಲ, ಸಂದರ್ಭಗಳಿಂದಲೂ ನಿರ್ಣಯಿಸಬಹುದು ಎಂಬುದು ತೀರ್ಪಿನ ತಿರುಳು. ಗಮನಿಸಬೇಕಾದದ್ದೆಂದರೆ, ವಾಸನೆ ಮತ್ತು ತೂರಾಡುವ ನಡಿಗೆಗಳಷ್ಟರಿಂದಲೇ ಮದ್ಯಪಾನದ ಅಪರಾಧ ಸಾಬೀತಾಗದೆಂದು ಇದೇ ನ್ಯಾಯಾಲಯ 1971ರಲ್ಲಿ ಹೇಳಿತ್ತು. ಅಂದರೆ ಚಾಲಕನನ್ನು ಜೈಲಿಗೆ ಕಳುಹಿಸಲು ಸಾಲದ ಸಾಕ್ಷ್ಯವು ಮಾಲೀಕನ ವಿಮೆಯನ್ನು ಕಳೆಯಲು ಸಾಕಾಗಬಹುದು.

ಅಪಘಾತದಲ್ಲಿ ಮೂರನೆಯವರು ಸತ್ತರೆ ಲೆಕ್ಕ ಇನ್ನೂ ದೊಡ್ಡದು. ತಿಂಗಳಿಗೆ ರೂ. 15,000 ದುಡಿಯುವ 30 ವರ್ಷದ ಗೃಹಸ್ಥನೊಬ್ಬ, ಅವನನ್ನು ನೆಚ್ಚಿಕೊಂಡ ನಾಲ್ವರು ಎಂದಿಟ್ಟುಕೊಳ್ಳೋಣ. ಸರ್ಲಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳ ಸೂತ್ರದಂತೆ, ಸ್ವಂತ ದುಡಿಮೆಯವನಾದರೆ ಮುಂದಿನ ವರಮಾನದ ಬಾಬ್ತು ಶೇ. 40 ಸೇರಿಸಿದಾಗ ತಿಂಗಳಿಗೆ ರೂ. 21,000, ವರ್ಷಕ್ಕೆ ರೂ. 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ ರೂ. 1,89,000. ಆ ವಯಸ್ಸಿಗೆ ಗುಣಕ 17. ಒಟ್ಟು ರೂ. 32,13,000, ಇತರ ಬಾಬ್ತುಗಳು ಮತ್ತು ಬಡ್ಡಿ ಬೇರೆ. ಸಾಮಾನ್ಯವಾಗಿ ಇದನ್ನು ವಿಮಾ ಕಂಪನಿ ಕೊಡುತ್ತದೆ. ಆದರೆ 2019ರ ತಿದ್ದುಪಡಿಯು ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನ ಚಾಲನೆಯನ್ನು ಮೂರನೆಯವರ ವಿಮೆಯಲ್ಲಿಯೂ ಕಂಪನಿ ಎತ್ತಬಹುದಾದ ಆಕ್ಷೇಪಗಳ ಪಟ್ಟಿಗೆ ಸೇರಿಸಿದೆ. ಸತ್ತವನ ಕುಟುಂಬಕ್ಕೆ ಕಂಪನಿಯೇ ಮೊದಲು ಕೊಡಲಿ, ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಕ್ಕೆ ಇದರಿಂದ ದಾರಿಯಾಗುತ್ತದೆ. ನೊಂದ ಕುಟುಂಬಕ್ಕೆ ನ್ಯಾಯ ಸಿಗುತ್ತದೆ, ಸಿಗಬೇಕು. ಆದರೆ ಎರಡು ಲಾರಿಯ ಮಾಲೀಕನು 32 ಲಕ್ಷ ರೂಪಾಯಿಯನ್ನು ಎರಡೂ ಲಾರಿಗಳನ್ನು ಮಾರದೆ ಹೊಂದಿಸುವುದು ಹೇಗೆ?

ಚಾಲಕನೇ ಸತ್ತರೆ? ಅವನು ಕುಡಿದಿದ್ದನಲ್ಲ, ಪರಿಹಾರ ಬರಲಾರದು ಎಂದು ನಂಬಿರುವ ಮಾಲೀಕರು ಅನೇಕ. 1923ರ ನೌಕರರ ಪರಿಹಾರ ಕಾಯ್ದೆಯ 3ನೆಯ ಕಲಮು ಅಮಲಿನ ಕಾರಣಕ್ಕೆ ಮಾಲೀಕನಿಗೆ ವಿನಾಯಿತಿ ಕೊಡುವುದು ನಿಜ; ಆದರೆ ಸಾವು ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಿಗೆ ಆ ವಿನಾಯಿತಿ ಇಲ್ಲ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ತತ್ವ ಮುಂದುವರಿದಿದೆ. 2020ರಲ್ಲಿ ನಿಗದಿಯಾದ ರೂ. 15,000ದ ವೇತನ ಮಿತಿಯಲ್ಲಿ, 40 ವರ್ಷದ ಚಾಲಕನಿಗೆ ಅರ್ಧ ವೇತನವಾದ ರೂ. 7,500ನ್ನು 184.17ರಿಂದ ಗುಣಿಸಿದರೆ ರೂ. 13,81,275. ಕುಡಿದು ಸತ್ತವನ ಮನೆಯವರೂ ಮನುಷ್ಯರೇ ಎಂಬುದನ್ನು ನಮ್ಮ ಕಾಯ್ದೆ 1923ರಷ್ಟು ಹಿಂದೆಯೇ ಒಪ್ಪಿದೆ ಎಂಬುದು ಮೆಚ್ಚಬೇಕಾದ ಸಂಗತಿ.

ಕ್ರಿಮಿನಲ್ ಹೊಣೆಯೂ ಇಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಯ 188ನೆಯ ಕಲಮಿನಂತೆ 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಚಾಲಕ ಅಮಲಿನಲ್ಲಿದ್ದಾನೆಂದು ತಿಳಿದೂ “ಲೋಡು ತಡವಾಗುತ್ತೆ, ನಿಧಾನವಾಗಿ ಹೋಗು” ಎಂದು ಕೀ ಕೊಡುವ ಮಾಲೀಕನೋ ಗುಮಾಸ್ತನೋ ಈ ಕಲಮಿನ ಹೊಸ್ತಿಲಲ್ಲೇ ನಿಂತಿರುತ್ತಾನೆ. ಇನ್ನು 1985ರ ಮಾದಕ ವಸ್ತುಗಳ ಕಾಯ್ದೆಯ 60ನೆಯ ಕಲಮು. ಲಾರಿಯಲ್ಲಿ ಮಾದಕ ವಸ್ತು ಸಾಗಿಸಿದ್ದು ಸಾಬೀತಾದರೆ ಲಾರಿಯೇ ಮುಟ್ಟುಗೋಲಿಗೆ ಗುರಿ. ಅದು ತನಗೆ ತಿಳಿದಿರಲಿಲ್ಲವೆಂದು ಮಾಲೀಕ ಹೇಳಿದರೆ ಸಾಲದು. ತಡೆಯಲು ಎಲ್ಲ ಸೂಕ್ತ ಮುನ್ನೆಚ್ಚರಿಕೆ ವಹಿಸಿದ್ದೆನೆಂದು ಅವನೇ ತೋರಿಸಬೇಕು. ಮುನ್ನೆಚ್ಚರಿಕೆಯನ್ನು ಕಾಗದವಿಲ್ಲದೆ ತೋರಿಸುವುದು ಕಷ್ಟ.

ಇಷ್ಟು ಹೇಳಿದಾಗ ಕೇಳಿಬರುವ ಆಕ್ಷೇಪಣೆ ಒಂದೇ: “ಚಾಲಕರೇ ಸಿಗದ ಕಾಲದಲ್ಲಿ ಊದು ಎಂದರೆ ಯಾರು ನಿಲ್ಲುತ್ತಾರೆ?” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಚಾಲಕನಿಗೆ ಇಂದು ನಾಲ್ಕು ಕಡೆ ಕರೆ ಇದೆ. ಅವನನ್ನು ಕಳ್ಳನಂತೆ ಗೇಟಿನಲ್ಲಿ ನಿಲ್ಲಿಸಿದರೆ ಅವನು ಹೋಗುವುದು ನ್ಯಾಯವೇ. ಆದರೆ ಪರೀಕ್ಷೆಯು ಅವಮಾನವಾಗುವುದು ಆಯ್ದ ಕೆಲವರಿಗೆ ಮಾತ್ರ ಅದನ್ನು ಮಾಡಿದಾಗ. ಹಿರಿಯ ಚಾಲಕ, ನಿನ್ನೆ ಸೇರಿದ ಹುಡುಗ, ಟ್ರ್ಯಾಕ್ಟರ್ ಹತ್ತುವ ಮಾಲೀಕನ ಮಗ, ಕೊನೆಗೆ ಮಾಲೀಕ ಎಲ್ಲರೂ ಊದುವ ಕಡೆ ಯಾರಿಗೂ ಅವಮಾನವಿಲ್ಲ. ವೇಬ್ರಿಡ್ಜಿನಲ್ಲಿ ಲಾರಿ ತೂಗುವುದನ್ನು ಯಾವ ಚಾಲಕನೂ ಅವಮಾನವೆಂದು ತಿಳಿಯುವುದಿಲ್ಲ.

ಮಾಲೀಕರು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಕಡಿಮೆ. ಎಳನೀರಿನ ಲೋಡು ಬಾಡುವ ಮೊದಲು ದೆಹಲಿ ತಲುಪಬೇಕೆಂದು ಚಾಲಕನಿಗೆ ಗಂಟೆ ಗೊತ್ತುಮಾಡುವವರು, ಬೇಗ ತಲುಪಿದರೆ ಹೆಚ್ಚಿನ ಬಾಟಾ ಎನ್ನುವವರು ಯಾರು? ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಆ ಕಾಯ್ದೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ವಿಲೀನವಾಗಿದೆ. ಮಿತಿ ಕಾಗದದಲ್ಲಿತ್ತು, ಲಾರಿ ರಸ್ತೆಯಲ್ಲಿತ್ತು. ನಿದ್ರೆಗೆಟ್ಟವನು ಎಚ್ಚರವಾಗಿರಲು ಏನನ್ನಾದರೂ ಹುಡುಕುತ್ತಾನೆ, ದಾರಿ ಮುಗಿದ ಮೇಲೆ ಮಲಗಲು ಮತ್ತೇನನ್ನಾದರೂ ಹುಡುಕುತ್ತಾನೆ. ಎರಡನೆಯ ಚಾಲಕನನ್ನು ಕೊಡದೆ ಯಂತ್ರವನ್ನು ಮಾತ್ರ ಕೊಂಡು ತರುವ ಮಾಲೀಕನು ಪರೀಕ್ಷಿಸುತ್ತಿರುವುದು ತಾನೇ ಮಾಡಿದ ಕಾಯಿಲೆಯನ್ನು.

ಕೆಲಸದ ಕ್ರಮ ಕಠಿಣವೇನಲ್ಲ. ಯಂತ್ರ ಕೊಳ್ಳುವಾಗ ಫ್ಯೂಯೆಲ್ ಸೆಲ್ ಸಂವೇದಕ ಇರುವುದನ್ನೇ ಕೊಳ್ಳಬೇಕು. ಬೆಲೆ ಲಾರಿಯ ಒಂದು ಜೊತೆ ಟೈರಿನ ಒಳಗೇ ಬರುತ್ತದೆ. ಅದಕ್ಕಿಂತ ಅಗ್ಗದ ಸೆಮಿಕಂಡಕ್ಟರ್ ಯಂತ್ರಗಳು ಮದ್ಯವಲ್ಲದ ಇತರ ಆವಿಗಳಿಗೂ ಸೂಜಿ ಆಡಿಸಿ ನಿರಪರಾಧಿಯನ್ನು ಸಿಕ್ಕಿಸುತ್ತವೆ. ತಯಾರಕರು ಹೇಳಿದ ಅವಧಿಗೊಮ್ಮೆ ಯಂತ್ರವನ್ನು ತಾಳೆ ನೋಡಿಸಿ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ತಾಳೆ ನೋಡದ ಯಂತ್ರವೂ ಮುದ್ರೆಯಿಲ್ಲದ ತಕ್ಕಡಿಯೂ ಒಂದೇ. ಬಾಯಿ ಮುಕ್ಕಳಿಸುವ ದ್ರವ, ಕೆಮ್ಮಿನ ಔಷಧ, ಹೋಮಿಯೋಪಥಿ ಹನಿಗಳಿಂದ ಬಾಯಲ್ಲಿ ಉಳಿದ ಮದ್ಯಸಾರವೂ ಅಂಕಿ ತೋರಿಸುವುದರಿಂದ, ಅಂಕಿ ಬಂದವನನ್ನು 15 ನಿಮಿಷ ಕೂರಿಸಿ, ಬರೀ ನೀರು ಕೊಟ್ಟು, ಎರಡನೆಯ ಸಲ ಊದಿಸಬೇಕು. ಆಗಲೂ ಅಂಕಿ ಬಂದರೆ ಕೀ ಬೇರೊಬ್ಬನಿಗೆ. ಅಂದಿನ ಬಾಟಾ ಇಲ್ಲ. ಆದರೆ ಮೊದಲ ಸಲಕ್ಕೇ ಕೆಲಸದಿಂದ ತೆಗೆಯುವುದು ವಿವೇಕವಲ್ಲ. ತೆಗೆದವನು ಪರೀಕ್ಷೆಯಿಲ್ಲದ ಪಕ್ಕದ ಮಂಡಿಗೆ ಹೋಗಿ ಅದೇ ರಸ್ತೆಯಲ್ಲಿ ಲಾರಿ ಓಡಿಸುತ್ತಾನೆ. ಎರಡನೆಯ ಸಲ ಲಿಖಿತ ಎಚ್ಚರಿಕೆ, ಮೂರನೆಯ ಸಲ ನೋಟೀಸು ಕೊಟ್ಟು ಉತ್ತರ ಪಡೆದು ವಿಚಾರಣೆ. ಈ ಷರತ್ತುಗಳೆಲ್ಲ ನೇಮಕಾತಿ ಪತ್ರದಲ್ಲಿರಬೇಕು, ಚಾಲಕನಿಗೆ ಓದಿ ಹೇಳಿ ಸಹಿ ಪಡೆದಿರಬೇಕು. ನೇಮಕಾತಿ ಪತ್ರವನ್ನು ಹೊಸ ಸಂಹಿತೆ ಹೇಗೂ ಕಡ್ಡಾಯ ಮಾಡಿದೆ.

ಮಾದಕ ವಸ್ತುಗಳ ಪರೀಕ್ಷೆಯನ್ನು ಮಾತ್ರ ಗೇಟಿನಲ್ಲಿ ಮಾಡಲು ಹೋಗಬಾರದು. ಮೂತ್ರದ ಪಟ್ಟಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದರೆ ಗಾಂಜಾದ ಗುರುತು ಅಮಲು ಇಳಿದ ಎಷ್ಟೋ ದಿನಗಳವರೆಗೆ ಮೂತ್ರದಲ್ಲಿ ಉಳಿಯುತ್ತದೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಪಟ್ಟಿಯ ಬಣ್ಣ ಬದಲಿಸಬಲ್ಲದು. ಸಂಶಯ ಬಂದವನನ್ನು ಕೆಲಸದಿಂದ ಆ ದಿನ ನಿಲ್ಲಿಸಿ, ಅವನ ಒಪ್ಪಿಗೆ ಪಡೆದು ವೈದ್ಯರಲ್ಲಿಗೂ ಪ್ರಯೋಗಾಲಯಕ್ಕೂ ಕಳುಹಿಸುವುದೇ ಸರಿ.

ಎಲ್ಲಕ್ಕಿಂತ ಮುಖ್ಯವಾದದ್ದು ರಿಜಿಸ್ಟರು: ದಿನಾಂಕ, ಗಂಟೆ, ವಾಹನ ಸಂಖ್ಯೆ, ಅಂಕಿ, ಚಾಲಕನ ಸಹಿ, ಪರೀಕ್ಷಿಸಿದವನ ಸಹಿ. ನಮ್ಮಲ್ಲಿ ಇದು ಏಕೆ ಬೆಳೆದಿಲ್ಲ ಎಂಬುದಕ್ಕೆ ಒಂದು ಕಾರಣ ತೆರಿಗೆಯ ಪದ್ಧತಿಯಲ್ಲೇ ಇದೆ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರಿಗೆ ಆದಾಯ ತೆರಿಗೆಯಲ್ಲಿ ಅಂದಾಜು ವರಮಾನದ ಸೌಲಭ್ಯವಿದೆ. ಲೆಕ್ಕಪುಸ್ತಕ ಇಡುವ ತೊಂದರೆಯಿಲ್ಲ. ಲೆಕ್ಕಪುಸ್ತಕದ ಜೊತೆಗೆ ಟ್ರಿಪ್ ಶೀಟು, ಹಾಜರಿ ಪುಸ್ತಕ, ಚಾಲಕನ ಕಡತ ಎಲ್ಲವೂ ಮನೆಯಿಂದ ಮಾಯವಾದವು. ರಿಜಿಸ್ಟರು ಎರಡಲಗಿನ ಕತ್ತಿ ಎಂಬುದನ್ನೂ ಹೇಳಬೇಕು. 60 ಅಂಕಿ ಬರೆದು ಅದೇ ಗಂಟೆಗೆ ಅದೇ ಚಾಲಕನಿಗೆ ಗೇಟ್ ಪಾಸ್ ಕೊಟ್ಟಿದ್ದರೆ, ಪರೀಕ್ಷೆಯನ್ನೇ ಮಾಡದವನಿಗಿಂತ ಮಾಡಿದವನು ಹೆಚ್ಚು ಸಿಕ್ಕಿಬೀಳುತ್ತಾನೆ. ತಡೆಯುವ ಧೈರ್ಯ ಇಲ್ಲದವರು ಯಂತ್ರ ಕೊಳ್ಳದಿರುವುದೇ ಲೇಸು.

ಸ್ವಂತ ವಾಹನವಿಲ್ಲದೆ ಬಾಡಿಗೆ ಲಾರಿಯಲ್ಲಿ ಸರಕು ಕಳುಹಿಸುವ ಬೆಲ್ಲದ ಮಂಡಿಯವರು, ಅಕ್ಕಿ ಗಿರಣಿಯವರು ಇದು ತಮಗಲ್ಲ ಎನ್ನಬಹುದು. ರಸ್ತೆ ಸಾಗಣೆಯ 2007ರ ಕಾಯ್ದೆ ಮತ್ತು ಅದರ ನಿಯಮಗಳಂತೆ, ಹೆಚ್ಚಿನ ಹೊಣೆಯ ದರ ಕಟ್ಟಿ ಸರಕು ಕಳುಹಿಸದಿದ್ದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ರೂ. 8,000 ಬಾಡಿಗೆಯ ಲಾರಿ ಮಗುಚಿದರೆ ರೂ. 80,000; ಒಳಗಿದ್ದ ಬೆಲ್ಲದ ಬೆಲೆ ಎಷ್ಟೆಂದು ಮಂಡಿಯವರಿಗೇ ಗೊತ್ತು. ಲೋಡು ಮಾಡುವ ಮುನ್ನ ಚಾಲಕ ಊದಬೇಕೆಂಬ ಒಂದು ಸಾಲನ್ನು ಬಾಡಿಗೆಯ ಒಪ್ಪಂದಕ್ಕೆ ಸೇರಿಸಲು ಯಾವ ಖರ್ಚೂ ಇಲ್ಲ.

ಒಂದೇ ಲಾರಿಯ ಮಾಲೀಕನಿಗೆ ಇದೆಲ್ಲ ಭಾರವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಕಾಯ್ದೆಯಲ್ಲಿ ಒಂದೇ ಲಾರಿ ಇಟ್ಟು ತಾನೇ ಓಡಿಸುವವನಿಗೂ ಪರೀಕ್ಷೆಯಿಂದ ವಿನಾಯಿತಿಯಿಲ್ಲ; ಆದರೆ ಅವನು ತನ್ನಂಥವರ ಒಂದು ಕೂಟಕ್ಕೆ ಸೇರಬೇಕು, ಚೀಟಿ ಎತ್ತುವುದೂ ದಾಖಲೆ ಇಡುವುದೂ ಆ ಕೂಟದ ಕೆಲಸ. ಮದ್ದೂರಿನಲ್ಲಿ ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಎಳನೀರು ಮಾರುಕಟ್ಟೆಯ ಗೇಟಿನಲ್ಲಿ ಒಂದು, ಸೋಮನಹಳ್ಳಿಯಲ್ಲಿ ಒಂದು, ಹಂಗಾಮಿನ ನಾಲ್ಕೈದು ತಿಂಗಳು ಕಾರ್ಖಾನೆಗಳ ಕಬ್ಬಿನ ಯಾರ್ಡಿನಲ್ಲಿ ಒಂದೊಂದು ಯಂತ್ರ. ಖರ್ಚನ್ನು ಲಾರಿ ಮಾಲೀಕರ ಸಂಘ ಮತ್ತು ವರ್ತಕರ ಸಂಘ ಲೋಡಿನ ಲೆಕ್ಕದಲ್ಲಿ ಹಂಚಿಕೊಳ್ಳಬಹುದು. ಊದಿಸುವವನು ಯಾವ ಮಾಲೀಕನ ಸಂಬಳದಲ್ಲೂ ಇರಬಾರದು, ರಿಜಿಸ್ಟರು ಸಂಘದ ಕಚೇರಿಯ ಬೀರುವಿನಲ್ಲಿರಬೇಕು. ಯಂತ್ರದ ಪಕ್ಕದಲ್ಲೇ ನಾಲ್ಕು ಮಂಚ, ಒಂದು ಫ್ಯಾನು, ನೀರಿನ ವ್ಯವಸ್ಥೆಯುಳ್ಳ ಒಂದು ಕೋಣೆಯನ್ನೂ ಮಾಡಬೇಕಾಗುತ್ತದೆ. ಕೀ ಸಿಗದ ಚಾಲಕ ಆ ಬೆಳಿಗ್ಗೆ ಎಲ್ಲಾದರೂ ಮಲಗಬೇಕಲ್ಲ.